ಹೊಗೆಗೂ ಒಂದು ಬಜೆಟ್

ಕಾಮರ್ಸ್ ಓದುವ ನಮಗೆ ಬಜೆಟ್ ಅಂದರೆ ರೂಪಾಯಿ ಲೆಕ್ಕ. ಬ್ರಿಟನ್ನಿನ ಪಾರ್ಲಿಮೆಂಟು 2008ರಲ್ಲಿ ಹವಾಮಾನ ಬದಲಾವಣೆ ಕಾಯಿದೆ ಮಾಡಿ ಹೊಗೆಗೂ ಬಜೆಟ್ ಹಾಕಿತು: ಐದೈದು ವರ್ಷಕ್ಕೆ ಇಂತಿಷ್ಟೇ ಎಂದು. 1990ರ ಮಟ್ಟದಿಂದ 2050ರೊಳಗೆ ಶೇ. 80 ಇಳಿಸಬೇಕೆಂದಿದ್ದುದು 2019ರಲ್ಲಿ ಶೇ. 100, ಅಂದರೆ ನಿವ್ವಳ ಶೂನ್ಯ, ಆಯಿತು.

ಇದರಿಂದ ಲಾಭವೇನು ಅಂತೀರಾ? ಸಮುದ್ರದಲ್ಲಿ ಗಾಳಿಯಂತ್ರ ನೆಡುವವನಿಗೆ ಹಾಕಿದ ಬಂಡವಾಳ ಮರಳಲು ಎಷ್ಟೋ ವರ್ಷ ಬೇಕು. ಸರಕಾರ ಬದಲಾದರೂ ಗುರಿ ಕಾಯಿದೆಯಲ್ಲಿ ಉಳಿದರೆ ಅವನಿಗೂ ಧೈರ್ಯ, ಸಾಲ ಕೊಡುವ ಬ್ಯಾಂಕಿಗೂ ಧೈರ್ಯ. ಭಯ ಕಡಿಮೆಯಾದಷ್ಟೂ ಬಡ್ಡಿ ಕಡಿಮೆ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿತು.

ಆದರೆ ನನಗೊಂದು ತಕರಾರಿದೆ. ಹೊರದೇಶದಲ್ಲಿ ತಯಾರಾಗಿ ಅಲ್ಲಿಗೆ ಹೋಗುವ ಮಾಲಿನ ಹೊಗೆ ಈ ಬಜೆಟ್ಟಿನಲ್ಲಿ ಇಲ್ಲ. ಅದು ತಯಾರಿಸಿದ ದೇಶದ ಖಾತೆಗೆ ಬೀಳುತ್ತೆ. ಇಂಥ ಜಮಾಖರ್ಚು ತೋರಿಸಿದರೆ ನಮ್ಮ ಅಕೌಂಟೆನ್ಸಿ ಸರ್ ಸುಮ್ಮನೆ ಬಿಡ್ತಾರೆಯೇ?