ಅಂಬೆಗಾಲಿಡುವ ಕೂಸಿಗೆ ಎಂಥ ಮ್ಯಾಟ್?

ಪ್ರಶ್ನೆ: ಡಾಕ್ಟರೇ, ಮಗಳಿಗೆ ಈಗ ಏಳು ತಿಂಗಳು. ಕೂರಿಸಿದರೆ ಕೂರುತ್ತಾಳೆ, ಆದರೆ ಹಿಂದಕ್ಕೆ ವಾಲಿ ಬೀಳುತ್ತಾಳೆ. ಮನೆಯಲ್ಲೆಲ್ಲ ಗ್ರಾನೈಟ್ ನೆಲ. ಅಕ್ಷರಗಳಿರುವ, ಜೋಡಿಸುವ ಫೋಮ್ ಮ್ಯಾಟ್ ತಂದೆವು. ಅದರ ವಾಸನೆ ಅತ್ತೆಯವರಿಗೆ ಹಿಡಿಸಲಿಲ್ಲ, ಕೌದಿಯೇ ಸಾಕು ಅಂತಾರೆ. ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಜೋಡಿಸುವ ಮ್ಯಾಟುಗಳು ಹೆಚ್ಚಾಗಿ ಇವಿಎ ಫೋಮಿನವು. ತಯಾರಿಕೆಯಲ್ಲಿ ಅವುಗಳೊಳಗೆ ಫಾರ್ಮಮೈಡ್ ಎಂಬ ರಾಸಾಯನಿಕ ಉಳಿದುಬಿಡಬಹುದು. ಬೆಲ್ಜಿಯಂ ಮತ್ತು ಫ್ರಾನ್ಸ್ 2010-11ರ ಹೊತ್ತಿಗೆ ಇಂಥ ಮ್ಯಾಟುಗಳ ಮಾರಾಟಕ್ಕೆ ತಡೆ ಹಾಕಿದ್ದು ಇದೇ ಕಾರಣಕ್ಕೆ. ಹೊಸ ಮ್ಯಾಟನ್ನು ಬಿಡಿಸಿ, ಕೆಲವು ದಿನ ಗಾಳಿಯಾಡುವ ಕಡೆ ಹರಡಿಡಿ. ಆಮೇಲೂ ಮೂಗಿಗೆ ರಾಚುವಂತಿದ್ದರೆ ಅಂಗಡಿಗೆ ಹಿಂದಿರುಗಿಸಿ. ವಾಸನೆಯಿಲ್ಲ ಎಂದಮಾತ್ರಕ್ಕೆ ನಿಶ್ಚಿಂತೆಯೂ ಬೇಡ. ನಮ್ಮಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆಟಿಕೆಯೆಂದು ಮಾರುವ ಮ್ಯಾಟಿನ ಮೇಲೆ ಆ ಗುರುತನ್ನು ಹುಡುಕಿ.

ನನಗೆ ವಾಸನೆಗಿಂತ ಹೆಚ್ಚಿನ ಭಯ ಆ ಅಕ್ಷರಗಳದ್ದು. ಕಿತ್ತು ಬರುವ ತುಂಡು ನೇರ ಬಾಯಿಗೆ ಹೋಗುತ್ತದೆ. ಹಲ್ಲು ಮೂಡುತ್ತಿರುವ ಕೂಸು ಫೋಮನ್ನು ಕಚ್ಚಿ ಚೂರು ಮಾಡುತ್ತದೆ, ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಷರ ಕಲಿಯಲು ಇನ್ನೂ ಬೇಕಾದಷ್ಟು ಕಾಲವಿದೆ. ಈಗ ಕಿತ್ತು ಬರುವ ಭಾಗಗಳಿಲ್ಲದ, ಮಡಚಿಡಬಹುದಾದ ಒಂದೇ ಹಾಸಿನ ಮ್ಯಾಟ್ ಒಳ್ಳೆಯದು.

ದಪ್ಪ ಒಂದರಿಂದ ಒಂದೂವರೆ ಸೆಂಟಿಮೀಟರ್ ಇದ್ದರೆ ಸಾಕು. ಅಂಗೈಯಿಂದ ಒತ್ತಿ ನೋಡಿ: ಸ್ವಲ್ಪ ತಗ್ಗಿ, ಕೈ ತೆಗೆದ ಕೂಡಲೇ ಮೇಲೇಳಬೇಕು. ಮೊಣಕಾಲು ಹೂತುಹೋಗುವಷ್ಟು ಮೆತ್ತಗಿದ್ದರೆ ಮಗು ನೆಲವನ್ನು ಒತ್ತಿ ಮುಂದೆ ಸಾಗಲಾರದು. ಕೂತಲ್ಲಿಂದ ಬೀಳುವ ಪೆಟ್ಟನ್ನು ಮ್ಯಾಟ್ ತಗ್ಗಿಸುತ್ತದೆ. ಮಂಚದಿಂದ ಬಿದ್ದರೆ ಅದನ್ನು ನಂಬಿ ಕೂರುವಂತಿಲ್ಲ.

ಕೌದಿಯನ್ನೂ ಬಿಡಬೇಡಿ. ಒಗೆಯಬಹುದು, ಬೆವರು ಹೀರುತ್ತದೆ. ಆದರೆ ಗ್ರಾನೈಟ್ ಮೇಲೆ ಜಾರುತ್ತದೆ, ಹಿಂದಕ್ಕೆ ಬೀಳುವ ತಲೆಗೆ ಅದೊಂದೇ ಸಾಲದು. ಮ್ಯಾಟಿನ ಮೇಲೆ ಅದನ್ನು ಬಿಗಿಯಾಗಿ, ಸುಕ್ಕಿಲ್ಲದಂತೆ ಹಾಸಿ.

ಪ್ರಶ್ನೆ: ಮಗನಿಗೆ ನಾಲ್ಕು ತಿಂಗಳು. ಮ್ಯಾಟಿನ ಮೇಲೆ ಬೋರಲಾಗಿ ಆಡುತ್ತಲೇ ನಿದ್ದೆ ಹೋಗುತ್ತಾನೆ. ಹಾಗೇ ಬಿಡಬಹುದೇ? ಮಳೆಗಾಲದಲ್ಲಿ ಮ್ಯಾಟಿನ ಅಡಿಗೆ ಬೂಷ್ಟು ಬೇರೆ.
– ಓದುಗರು, ಮಂಗಳೂರು

ಉತ್ತರ: ಬೋರಲಾಗಿ ಆಡುವುದು ಒಳ್ಳೆಯದೇ. ಇನ್ನೂ ತೆವಳದ ಕೂಸನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಹಾಗೆ ಆಡಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ನಿದ್ದೆ ಹತ್ತಿದ ಕೂಡಲೇ ಮಾತ್ರ ಎತ್ತಿ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಸುತ್ತ ದಿಂಬು, ಗೊಂಬೆ, ಮಡಿಕೆಬಿದ್ದ ಬಟ್ಟೆ ಬೇಡ. ಮೂಗು ಮುಚ್ಚಿದರೆ ಈ ವಯಸ್ಸಿನ ಮಗು ತಾನಾಗಿ ತಲೆ ತಿರುಗಿಸಿಕೊಳ್ಳುತ್ತದೆಂಬ ಭರವಸೆಯಿಲ್ಲ.

ಮಳೆಗಾಲದಲ್ಲಿ ಮ್ಯಾಟನ್ನು ದಿನವೂ ಎತ್ತಿ ನಿಲ್ಲಿಸಿ, ಅಡಿಯ ನೆಲ ಒರೆಸಿ ಒಣಗಲು ಬಿಡಿ. ಉಚ್ಚೆ, ಹಾಲು ಬಿದ್ದಲ್ಲಿ ಸೋಪಿನ ನೀರಿನಿಂದ ಒರೆಸಿದರೆ ಸಾಕು. ಬೂಷ್ಟು ಫೋಮಿನೊಳಗೇ ಇಳಿದಿದ್ದರೆ ತಿಕ್ಕಿ ಪ್ರಯೋಜನವಿಲ್ಲ, ಆ ಮ್ಯಾಟನ್ನು ಎಸೆದುಬಿಡಿ.