*ಸ್ಟೆಂಟ್ ಹಾಕುವ ಡಾಕ್ಟರನ್ನು ಪರಿಶೀಲಿಸಿದವರು ಯಾರು?*



ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಸಿಕ್ಕಾಗಲೆಲ್ಲ ನಮ್ಮವರು ಕೇಳುವುದು ಒಂದೇ: "ಡಾಕ್ಟ್ರೇ, ಊರಿಂದ ಅಪ್ಪನನ್ನು ಕರೆಸಿದ್ದೇವೆ, ಸ್ಟೆಂಟ್ ಹಾಕಬೇಕಂತೆ. ಈ ಡಾಕ್ಟರು ಒಳ್ಳೆಯವರಾ?" ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಅವರು ನಿಜಕ್ಕೂ ಹೃದ್ರೋಗ ತಜ್ಞರೇ?

2025ರಲ್ಲಿ ನಮ್ಮ ಪಕ್ಕದ ಫರಿದಾಬಾದ್‌ನಲ್ಲಿ ಒಂದು ದೂರು ದಾಖಲಾಯಿತು. ಎಂಬಿಬಿಎಸ್ ಮಾತ್ರ ಓದಿದ್ದ ವೈದ್ಯರೊಬ್ಬರು, ತಮ್ಮದೇ ಹೆಸರಿನ ಬೇರೊಬ್ಬ ತಜ್ಞರ ನೋಂದಣಿ ಸಂಖ್ಯೆ ಬಳಸಿ ತಿಂಗಳುಗಟ್ಟಲೆ ಹೃದಯ ಚಿಕಿತ್ಸೆ ಮಾಡಿದರೆಂಬ ಆರೋಪ ಅದು. ಮಧ್ಯಪ್ರದೇಶದ ದಮೋಹ್‌ನಲ್ಲಿ ವಿದೇಶಿ ತಜ್ಞನ ಹೆಸರು ಹೇಳಿಕೊಂಡು ಚಿಕಿತ್ಸೆ ಮಾಡಿದ ಆರೋಪದ ಮೇಲೆ ಅದೇ ವರ್ಷ ಒಬ್ಬನ ಬಂಧನವಾಯಿತು. ಎರಡೂ ಕಡೆ ರೋಗಿಗಳು ನಂಬಿ ಹೋಗಿದ್ದು ಆಸ್ಪತ್ರೆಗೆ.

*ಆಸ್ಪತ್ರೆ ಮಾಡಬೇಕಾದ್ದು*

1️⃣ ಪದವಿ, ನೋಂದಣಿಗಳನ್ನು ಜೆರಾಕ್ಸ್ ನೋಡಿ ಒಪ್ಪದೆ, ಕೊಟ್ಟ ಸಂಸ್ಥೆಯಿಂದಲೇ ಖಚಿತಪಡಿಸಿಕೊಳ್ಳುವುದು.

2️⃣ ಯಾವ ವೈದ್ಯರು ಯಾವ ಚಿಕಿತ್ಸೆ ಮಾಡಬಹುದೆಂದು ಲಿಖಿತ ಅನುಮತಿ ಕೊಡುವುದು. ಆಂಜಿಯೋಗ್ರಾಂ ಮಾಡಬಲ್ಲವರೆಲ್ಲ ಹೃದಯದ ಕವಾಟ ಬದಲಿಸಲಾರರು.

3️⃣ ಸಾವು, ತೊಡಕು ಆದ ಕೇಸುಗಳನ್ನು ಬೇರೆ ವೈದ್ಯರು ಕೂತು ಪರಿಶೀಲಿಸುವುದು. ಇಂಥ ಸಭೆಯಲ್ಲಿ ನನ್ನ ಕೇಸಿನ ಬಗ್ಗೆಯೂ ಪ್ರಶ್ನೆ ಬರುತ್ತದೆ. ಮುಜುಗರವಾಗುತ್ತದೆ, ಆದರೆ ಮುಂದಿನ ರೋಗಿ ಉಳಿಯುವುದು ಅದರಿಂದಲೇ.

*ನೀವು ಮಾಡಬಹುದಾದ್ದು*

✅ 2002ರ ನಿಯಮದಂತೆ ಔಷಧಿ ಚೀಟಿಯಲ್ಲಿ ವೈದ್ಯರ ನೋಂದಣಿ ಸಂಖ್ಯೆ ಇರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿ ನೋಡಿ.

✅ ಹೆಸರು, ಸಂಖ್ಯೆ ಹೊಂದಿದರೆ ಸಾಲದು. ಫರಿದಾಬಾದ್‌ನ ಪಾಠವೇ ಅದು. ಓದಿದ ಕಾಲೇಜು, ವರ್ಷವನ್ನೂ ಕೇಳಿ. ಹೃದ್ರೋಗ ತಜ್ಞರಾಗಲು ಎಂ.ಡಿ. ನಂತರ ಸಾಮಾನ್ಯವಾಗಿ 3 ವರ್ಷದ ಡಿ.ಎಂ. ಅಥವಾ ಅದಕ್ಕೆ ಸಮನಾದ ತರಬೇತಿ ಬೇಕು. ವೆಬ್‌ಸೈಟಿನಲ್ಲಿ ಅದು ಕಾಣದಿದ್ದರೆ ತಕ್ಷಣ ನಕಲಿ ಎನ್ನಬೇಡಿ, ಆಸ್ಪತ್ರೆಯನ್ನು ವಿಚಾರಿಸಿ.

✅ ಆಸ್ಪತ್ರೆಯ ಆಡಳಿತಾಧಿಕಾರಿಯನ್ನು ಕೇಳಿ: "ಇವರ ದಾಖಲೆ ನೀವು ಪರಿಶೀಲಿಸಿದ್ದೀರಾ? ಈ ಚಿಕಿತ್ಸೆಗೆ ಇವರಿಗೆ ಅನುಮತಿ ಇದೆಯಾ?" ಕೇಳುವುದಕ್ಕೆ ಸಂಕೋಚ ಬೇಡ.

✅ ಆಂಜಿಯೋಗ್ರಾಂ ಸಿ.ಡಿ. ಪಡೆದು ಇನ್ನೊಬ್ಬ ತಜ್ಞರಿಗೂ ತೋರಿಸಿ.

⚠️ ಇದೆಲ್ಲ ಮೊದಲೇ ದಿನ ಗೊತ್ತುಮಾಡಿದ ಚಿಕಿತ್ಸೆಗೆ ಮಾತ್ರ. ಎದೆ ಹಿಂಡಿದಂತೆ ನೋವು, ಬೆವರು, ಉಸಿರುಕಟ್ಟು ಕಂಡರೆ ಏನೂ ಹುಡುಕುತ್ತಾ ಕೂರಬೇಡಿ. ತಕ್ಷಣ ಹೃದಯ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ.

ಊರಿಂದ ಹಿರಿಯರನ್ನು ಚಿಕಿತ್ಸೆಗೆ ಕರೆತರುವ ನಮ್ಮವರಿಗೆಲ್ಲ ಇದನ್ನು ಕಳುಹಿಸಿ.