ಮುತ್ಯಾನ ನಕ್ಷೆ ಮ್ಯೂಸಿಯಂ ಸೇರಿದ್ದು

ನಮ್ಮ ಮುತ್ಯಾ ನಿಜಾಮರ ರೈಲ್ವೆಯಲ್ಲಿ ಗುಮಾಸ್ತರು. ಕಲಬುರಗಿ ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದ ಎಷ್ಟೋ ಕನ್ನಡ ಮನೆತನಗಳಂತೆ ನಮ್ಮದೂ ಕಾಚಿಗುಡಾದಲ್ಲಿ ನೆಲೆನಿಂತಿತು. ಅವರು ಬಿಟ್ಟುಹೋದ, ಬಟ್ಟೆಗೆ ಅಂಟಿಸಿದ ರೈಲ್ವೆ ನಕ್ಷೆಯನ್ನು ಇಲ್ಲಿನ ಮ್ಯೂಸಿಯಂ ಒಂದಕ್ಕೆ ಕೊಟ್ಟೆವು. ಆಗ ಕಲಿತದ್ದು ಇತರರಿಗೂ ಉಪಯೋಗವಾದೀತು.

ನಕ್ಷೆಯ ಮೇಲೆ ಇಸವಿ ಇರಲಿಲ್ಲ. ಆದರೆ ಕಂಪನಿಯ ಹೆಸರಿತ್ತು. 1930ರಲ್ಲಿ ನಿಜಾಮ್ ಸರ್ಕಾರವೇ ಕೊಳ್ಳುವವರೆಗೆ ಅದು ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’. ನಮ್ಮ ನಕ್ಷೆಯಲ್ಲಿ ‘ಗ್ಯಾರಂಟೀಡ್’ ಇಲ್ಲ. 1951ರಲ್ಲಿ ಅದು ಸೆಂಟ್ರಲ್ ರೈಲ್ವೆಯಲ್ಲಿ ಸೇರಿಹೋಯಿತು. ಹಾಗಾಗಿ ನಕ್ಷೆ ಈ ಎರಡು ದಶಕಗಳದ್ದೆಂದು ತಿಳಿಯಿತು.

1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ಮಾರ್ಗದ ಮೇಲೆ ಚಿತ್ತಾಪುರ, ಸೇಡಂ, ತಾಂಡೂರು ಹೆಸರುಗಳ ಪಕ್ಕ ಪೆನ್ಸಿಲ್ ಗುರುತುಗಳಿದ್ದವು. ಮುತ್ಯಾ ಕೆಲಸ ಮಾಡಿದ ಸ್ಟೇಷನ್ನುಗಳು ಅವು. ಕೊಡುವ ಮೊದಲು ಅವನ್ನು ಅಳಿಸಿ ಚೊಕ್ಕ ಮಾಡೋಣ ಎಂದ ತಮ್ಮ. ಹಳೆಯ ದಾಖಲೆಗಳನ್ನು ಬಲ್ಲ ಹಿರಿಯರೊಬ್ಬರು ತಡೆದರು: ಅಚ್ಚಾದ ನಕ್ಷೆಯ ಪ್ರತಿ ಇನ್ನೆಲ್ಲೋ ಸಿಕ್ಕೀತು, ಈ ಗುರುತುಗಳು ಮಾತ್ರ ಮತ್ತೆಲ್ಲೂ ಸಿಗವು. ವಾಡಿ, ಸೇಡಂ ಒಂದು ರಾಜ್ಯಕ್ಕೂ ತಾಂಡೂರು ಇನ್ನೊಂದಕ್ಕೂ ಹಂಚಿಹೋದದ್ದು 1956ರಲ್ಲಿ. ಅದಕ್ಕೂ ಮೊದಲು ಕನ್ನಡದ ನೌಕರನೊಬ್ಬನ ಬದುಕು ಈ ಹಳಿಯುದ್ದಕ್ಕೂ ಸಾಗಿತ್ತೆಂಬುದಕ್ಕೆ ಅವೇ ಸಾಕ್ಷಿ.

ಹರಿದ ಮಡಿಕೆಗೆ ಸೆಲ್ಲೋಟೇಪ್ ಹಚ್ಚಬಾರದು. ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮಾಡಿದರೆ ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸುವುದು ಅಸಾಧ್ಯ. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಸದಾ ಗೋಡೆಯ ಮೇಲೇ ಇರಬೇಕೆಂದು ಷರತ್ತು ಹಾಕಬೇಡಿ. ಬೆಳಕಿಗೆ ಬಣ್ಣ ಮಾಸುತ್ತದೆ, ಕತ್ತಲ ಕಪಾಟಿನಲ್ಲಿದ್ದರೇ ನಕ್ಷೆಗೆ ಆಯುಷ್ಯ ಹೆಚ್ಚು. ಶಾಶ್ವತ ದಾನವೋ ಎರವಲೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅದಕ್ಕೂ ಮುಂಚೆ ಮನೆಯವರೆಲ್ಲರ ಒಪ್ಪಿಗೆ ಇರಲಿ. ನಮ್ಮ ಕಾಕಾ ಹೂಂ ಎನ್ನುವವರೆಗೆ ನಾವು ಕಾದೆವು. ಕಾದದ್ದು ಒಳ್ಳೆಯದೇ ಆಯಿತು. ಯಾವ ಊರಿಂದ ಯಾವ ಊರಿಗೆ ಮುತ್ಯಾಗೆ ವರ್ಗವಾಯಿತೆಂದು ನೆನಪಿದ್ದದ್ದು ಅವರೊಬ್ಬರಿಗೇ.

ಅವರು ಹೇಳಿದ್ದನ್ನು ಬರೆದು, ಸಹಿ ಹಾಕಿಸಿ, ನಕ್ಷೆಯ ಜೊತೆಗೇ ಕೊಟ್ಟೆವು. ಆ ಹಾಳೆ ಇಲ್ಲದಿದ್ದರೆ ಪೆನ್ಸಿಲ್ ಗುರುತು ಯಾರದೆಂದು ಮುಂದೆ ನೋಡುವವರಿಗೆ ಗೊತ್ತಾಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದರೆ, ಮ್ಯೂಸಿಯಂಗೆ ಹೋಗುವ ಮುನ್ನ ಮನೆಯ ಹಿರಿಯರ ಹತ್ತಿರ ಕೂತು ಕೇಳಿ, ಬರೆದುಕೊಳ್ಳಿ.